ಮಲಗದ ಕಂಪೈಲರ್

ನಗೋದಾದ್ರೆ ಈಗಲೇ ನಕ್ಕುಬಿಡಿ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಅವನು ಸಾಫ್ಟ್‌ವೇರ್ ಬರೆಯೋ ಆಫೀಸಲ್ಲಿ ಮುಖ್ಯಸ್ಥ. ಅವತ್ತು ರಾತ್ರಿ ಹನ್ನೊಂದಕ್ಕೆ ಎಲ್ಲರಿಗಿಂತ ಕೊನೆಗೆ ಬೀಗ ಹಾಕಿ ಹೊರಟ. ಬೀದಿ ಕೊನೆಯ ಹಾಳುಬಾವಿ ಹತ್ತಿರ ಬಂದಾಗ... ಗುಂಯ್... ಕಂಪ್ಯೂಟರ್ ಫ್ಯಾನಿನ ಸದ್ದು. ಬಾವಿಯೊಳಗಿಂದ! ಅಷ್ಟರಲ್ಲಿ ಮೊಬೈಲು ಕಿಣಿಂ ಅಂತು. ಆಫೀಸಿನ ಮೆಷೀನು ಪ್ರೋಗ್ರಾಂನ ಮತ್ತೆ ಕಟ್ಟಿ ಮುಗಿಸಿದೆ ಅಂತ ಮೆಸೇಜು. ಯಾರು ಕಟ್ಟಿಸಿದ್ದು? ಬೀಗದ ಕೈ ಇವನ ಜೇಬಲ್ಲೇ ಇದೆ. ಬೆಳಗ್ಗೆ ಆ ಪ್ರೋಗ್ರಾಂನ ಮಾಲೀಕರಿಗೆ ತೋರಿಸಿದ್ರೆ ಕಂಪನಿಯಲ್ಲಿ ಇವನಿಗೆ ಪಾಲು. ಬಿದ್ದಂಬೀಳ ವಾಪಸ್ ಓಡಿದ.

ಪಾಪಿ, ಮಾಡಬಾರದ್ದು ಮಾಡಿದ್ದ ಕಣ್ರೀ. ಕೋಡನ್ನೆಲ್ಲ ಓದಿ ಪ್ರೋಗ್ರಾಂ ಕಟ್ಟಿಕೊಡೋ ಕಂಪೈಲರ್ ಇರತ್ತಲ್ಲ, ಅದು ಪ್ರತಿಸಲ ಹೊಸದಾಗಿ ಎದ್ದು ಮೊದಲಿಂದ ಓದೋಕೆ ನಲವತ್ತು ನಿಮಿಷ ತಗೊಳ್ತಿತ್ತು. ಕೈಕೆಳಗಿನ ಹುಡುಗಿಯೊಬ್ಬಳು ಅದನ್ನ ಮಲಗೋಕೇ ಬಿಡದೆ ಸದಾ ಓಡ್ತಾ ಇರೋ ಹಾಗೆ ಮಾಡಿದಳು. ಓದಿದ್ದೆಲ್ಲ ಅದಕ್ಕೆ ನೆನಪಿರ್ತಿತ್ತು, ಬದಲಾದಷ್ಟು ಓದಿದ್ರೆ ಸಾಕು. ಒಂದೇ ನಿಮಿಷ! ಇವನು ಅದು ತನ್ನದೇ ಕೆಲಸ ಅಂದ. ಅವಳು ಕೇಳಿದ್ದಕ್ಕೆ ಎಲ್ಲರೆದುರು ಕಳ್ಳಿ ಅಂತ ಆಚೆ ಹಾಕಿದ. ಕೊರಗಿ ಕೊರಗಿ ಮೂರೇ ತಿಂಗಳಿಗೆ ಸತ್ತೇ ಹೋದಳು. ಕೋಡಲ್ಲಿದ್ದ ಅವಳ ಹೆಸರನ್ನೂ ಹುಡುಕಿ ಹುಡುಕಿ ಅಳಿಸಿದ್ದ.

ಪ್ರೋಗ್ರಾಂ ತೆರೆದು ನೋಡಿದ... ಮೊದಲ ಪರದೆಯಲ್ಲೇ ಅವಳ ಹೆಸರು.

"ಥೂ, ಮೆಷೀನಿನ ಹಳೇ ನೆನಪು," ಅಂತ ಗೊಣಗಿದ. ಹೆಸರು ಅಳಿಸಿದ ಮೇಲೆ, ಓದಿದ್ದನ್ನ ಅದು ಮರೆಯೋ ಹಾಗೆ ಕಂಪೈಲರ್‌ನ ಒಂದ್ಸಲ ಬಂದ್ ಮಾಡಬೇಕಿತ್ತು, ಮರೆತಿದ್ದ. ಈಗ ಮಾಡಿದ. ತಾನೇ ಎದ್ದಿತು. ಮತ್ತೆ ಮಾಡಿದ. ಮತ್ತೆ ಎದ್ದಿತು. ಗೋಡೆಯಿಂದ ವೈರನ್ನೇ ಕಿತ್ತ. ಪರದೆ ಕಪ್ಪಾಯ್ತು... ಫ್ಯಾನು ನಿಲ್ಲಲಿಲ್ಲ. ಗುಂಯ್... ಕೀಬೋರ್ಡು ಟಕ್. ಟಕ್ ಟಕ್.

ಕಿವಿ ಪಕ್ಕ ಪಿಸುದನಿ. "ಸರ್... ಸ್ವಲ್ಪ ಸರೀತೀರಾ?"

"ತಪ್ಪಾಯ್ತು ತಾಯಿ... ಬಿಟ್ಟುಬಿಡು..."

"ಅದು ಮಲಗಲ್ಲ ಸರ್. ನೀವು ಮಲಗಿ."

ಬೆಳಗ್ಗೆ ಕುರ್ಚಿ ಕೆಳಗೆ ಬಿದ್ದಿದ್ದ, ವೈರಿಲ್ಲದೆಯೂ ಪರದೆ ಬೆಳಗ್ತಿತ್ತು. ಮಾಲೀಕರು ಎಬ್ಬಿಸಿ, "ಇದೇನಯ್ಯಾ, ಪರದೆ ಮೇಲಿನ ಹೆಸರು ಯಾರದು? ಇದನ್ನೆಲ್ಲ ಮಾಡಿದ್ದು ಯಾರು?" ಅಂದ್ರೆ, ಅವಳ ಹೆಸರು ಹೇಳಿದ. ಹಾಗಾದ್ರೆ ನೀನ್ಯಾರು ಅಂದ್ರೆ, ಗೊತ್ತಿಲ್ಲ ಅಂದ. ಪಾಲೂ ಹೋಯ್ತು, ಕೆಲಸವೂ ಹೋಯ್ತು.

ಈಗಲೂ ಅಷ್ಟೇ. ಮಲಗೆದ್ದರೆ ತಲೆಯೆಲ್ಲ ಖಾಲಿ. ಇದು ಮನೆ, ನಾನು ನಿಮ್ಮ ಹೆಂಡತಿ, ಇವಳು ಮಗಳು ಅಂತ ಅತ್ತಿಗೆ ದಿನಾ ಬೆಳಗ್ಗೆ ಮೊದಲಿಂದ ಹೇಳಿಕೊಡಬೇಕು. ನಂಬದಿದ್ರೆ ಬಿಡಿ, ನಾನೇ ಪಕ್ಕದಲ್ಲಿ ಕೂತು ನೋಡಿದ್ದೀನಿ. ಆ ಹುಡುಗಿ ಹೆಸರನ್ನ ಮಾತ್ರ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.