ಚಿಕ್ಕಗಂಗಮ್ಮನವರು ಬಂದರೆ ನಿಲ್ಲುತ್ತಿದ್ದ ಪ್ರಿಂಟರ್

ವೇದಿಕೆಯ ಮೇಲಿರುವ ಹಿರಿಯರಿಗೆ, ಮೇಷ್ಟ್ರ ಧರ್ಮಪತ್ನಿ ದಾನೇಶ್ವರಿ ಅಮ್ಮನವರಿಗೆ, ಮಗಳು ಗಾನವಿಗೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯಿಂದ ಇವತ್ತಿನ ಕೆಲಸ ಬಿಟ್ಟು ಬಂದಿರುವ ನಿಮ್ಮೆಲ್ಲರಿಗೂ ನಮಸ್ಕಾರ. ನಾನು ಬಾಲರಾಜು. ಇದೇ ತುರುವೇಕೆರೆಯಲ್ಲಿ ಏಕಾಂತಯ್ಯ ಮೇಷ್ಟ್ರ ಅಂಗಡಿಯಲ್ಲಿ ಒಂಬತ್ತು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ರಿಪೇರಿ ಮಾಡಿದವನು. ಮೇಷ್ಟ್ರು ಲಿಂಗೈಕ್ಯರಾಗಿ ಇವತ್ತಿಗೆ ಹನ್ನೊಂದು ದಿನ. ಆ ಕುರ್ಚಿಯನ್ನು ನಾನಿನ್ನೂ ಸರಿಸಿಲ್ಲ.

ಈಗ ಮಾತಾಡಿದ ಹಿರಿಯರು ಎಲ್ಲಾ ಹೇಳಿದರು. ತಿಪಟೂರಿನಲ್ಲಿ ಮೇಷ್ಟ್ರು ಟೈಪಿಂಗ್ ಕಲಿಸುತ್ತಿದ್ದದ್ದು, ಅವರ ಹತ್ತಿರ ಕಲಿತವರು ಆಫೀಸು ಆಫೀಸಿನಲ್ಲೂ ಇರುವುದು, ಟೈಪ್ ಮಿಷನ್ನುಗಳ ಕಾಲ ಮುಗಿದ ಮೇಲೆ ಐವತ್ತು ದಾಟಿದ ವಯಸ್ಸಿನಲ್ಲಿ ತಾವೇ ಕೂತು, ಹಳೇ ಕಂಪ್ಯೂಟರನ್ನೂ ದುಡ್ಡಿಲ್ಲದೆ ಓಡಿಸುವ ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಕಲಿತದ್ದು. ಕೊಬ್ಬರಿ ಮಂಡಿಯವರು ಮೂಲೆಗೆಸೆದ ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ, ಎಷ್ಟು ಮನೆಗಳಲ್ಲಿ ಅವು ಮತ್ತೆ ಓಡುವ ಹಾಗೆ ಮಾಡಿದರು ಅನ್ನುವುದು ನಿಮಗೆ ಗೊತ್ತೇ ಇದೆ. ಅದನ್ನೆಲ್ಲ ನಾನು ಮತ್ತೆ ಹೇಳುವುದಿಲ್ಲ. ನಾನು ಒಂದೇ ಒಂದು ಪ್ರಿಂಟರ್ ಬಗ್ಗೆ ಹೇಳುತ್ತೇನೆ. ಸಾವಿನ ಸಭೆಯಲ್ಲಿ ಪ್ರಿಂಟರ್ ಮಾತೇ ಅಂತ ನಿಮಗೆ ಅನ್ನಿಸಬಹುದು — ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ದಂಡಿನಶಿವರದ ಮೀನಾ ಇಲ್ಲಿ ಬಂದಿದ್ದಾರೆ. ಮನೆಯಲ್ಲೇ ಟೈಪಿಂಗ್ ಮಾಡುತ್ತಾರೆ. ಶಾಲೆಗಳ ಪ್ರಶ್ನೆಪತ್ರಿಕೆ, ಸಂಘದ ನೋಟೀಸು, ಅರ್ಜಿ — ಹೀಗೆ. ಅವರ ಕಂಪ್ಯೂಟರ್ ನಮ್ಮ ಅಂಗಡಿಯದೇ, ಲಿನಕ್ಸ್ ಹಾಕಿದ್ದು. ಎರಡು ವರ್ಷದ ಕೆಳಗೆ ಅದಕ್ಕೊಂದು ವೈಫೈ ಪ್ರಿಂಟರ್ ತಂದರು. ಜೋಡಿಸಲು ಹೋದವನು ನಾನು.

ಜೋಡಿಸಿದೆ. ಮಾರನೇ ದಿನವೇ ಫೋನು — ಪ್ರಿಂಟರ್ ಸಿಗುತ್ತಿಲ್ಲ ಅನ್ನುತ್ತದೆ ಕಂಪ್ಯೂಟರ್. ಹೋದೆ, ಸರಿಮಾಡಿದೆ. ಮತ್ತೆ ಅದೇ ಫೋನು. ಕಾರಣ ಏನು ಅಂದರೆ, ನಮ್ಮ ಕಡೆ ತೋಟದ ಮೋಟರ್ ಶುರುವಾದರೆ ಮನೆಯಲ್ಲಿ ಕರೆಂಟು ಏರಿಳಿತ ಆಗುತ್ತಲ್ಲ, ಅದಕ್ಕೆ ಎಲ್ಲರೂ ಪ್ಲಗ್ಗು ಕಿತ್ತಿಡುತ್ತೇವೆ. ಪ್ರಿಂಟರ್‌ದೂ ಕೀಳುತ್ತಿದ್ದರು. ವೈಫೈ ಡಬ್ಬ ತನಗೆ ಸೇರಿದ ಒಂದೊಂದಕ್ಕೂ, ಮನೆಗೆ ಡೋರ್ ನಂಬರು ಇದ್ದ ಹಾಗೆ, ಒಂದೊಂದು ನಂಬರು ಕೊಡುತ್ತದೆ. ಪ್ಲಗ್ಗು ಮತ್ತೆ ಹಾಕಿದಾಗ ಪ್ರಿಂಟರಿಗೆ ಬೇರೆ ನಂಬರು ಕೊಡುತ್ತಿತ್ತು. ಕಂಪ್ಯೂಟರ್ ಮಾತ್ರ ಹಳೇ ನಂಬರಿಗೇ ಕಳಿಸುತ್ತಿತ್ತು. ಅಷ್ಟೇ ವಿಷಯ. ನಾನೋ ಆತುರದ ಮನುಷ್ಯ. ಪ್ರಿಂಟರ್ ಒಳಗೇ ಕೈಯಾರೆ ಒಂದು ನಂಬರು ಒತ್ತಿದೆ, ಐದು ಅಂತ. ಇನ್ನು ಇದು ಬದಲಾಗುವುದಿಲ್ಲ ಕಣಮ್ಮ ಅಂತ ಹೇಳಿ, ಕಾಫಿ ಕುಡಿದು ಬಂದೆ. ಆ ಐದನೇ ನಂಬರು ಆ ಮನೆಯಲ್ಲಿ ಇನ್ಯಾರ ಹತ್ತಿರವಾದರೂ ಇದೆಯಾ ಅಂತ ನೋಡಲಿಲ್ಲ. ನೋಡಲು ಎರಡು ನಿಮಿಷ ಸಾಕಿತ್ತು.

ಎಂಟು ದಿನ ಆದ ಮೇಲೆ ಮೀನಾ ಫೋನ್ ಮಾಡಿದರು. "ಸಾರ್, ಒಂದ್ ವಿಷ್ಯ ಹೇಳ್ತೀನಿ, ನಗಬೇಡಿ. ನಮ್ಮತ್ತೆ ತೋಟಕ್ಕೋದ್ರೆ ಪ್ರಿಂಟ್ ಬತ್ತದೆ. ಮನೇಗ್ ಬಂದ್ರೆ ನಿಂತೋಗ್ತದೆ."

ನಾನು ನಕ್ಕೆ. ನಗಬೇಡಿ ಅಂತ ಹೇಳಿದರೂ ನಕ್ಕೆ. ನಕ್ಕು, "ಹಂಗಾದ್ರೆ ಪ್ರಿಂಟ್ ಹಾಕೋವಾಗ ನಿಮ್ಮತ್ತೇನ ಹೊರಗೆ ಕೂರ್ಸಮ್ಮ" ಅಂದುಬಿಟ್ಟೆ.

ತಮಾಷೆಗೆ ಅಂದದ್ದು — ಹೀಗೆ ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಮೆಕಾನಿಕ್ ಬಾಯಿಂದ ಬಂದ ಮಾತು ಮನೆಯವರಿಗೆ ತಮಾಷೆಯಾಗಿ ಕೇಳುವುದಿಲ್ಲ. ಅವರು ಹಾಗೇ ಮಾಡಿದರು. ಅತ್ತೆ ಚಿಕ್ಕಗಂಗಮ್ಮನವರನ್ನು ಹೊರಗೆ ಕೂರಿಸಿ ಪ್ರಿಂಟ್ ಹಾಕಿದರು. ಅವರು ಅಲ್ಲೇ ಜಗುಲಿ ಮೇಲೆ ಕೂತಿದ್ದರೆ ಬರುತ್ತಿರಲಿಲ್ಲ. ತೋಟದ ಹತ್ತಿರ ಹೋದರೆ ಬರುತ್ತಿತ್ತು. ಒಂದು ಸಲ ಅಲ್ಲ, ಹತ್ತು ಸಲ, ಇಪ್ಪತ್ತು ಸಲ. ಕಣ್ಣಾರೆ ಕಂಡದ್ದನ್ನು ಯಾರು ಅಲ್ಲ ಅನ್ನುತ್ತಾರೆ? ಬಂದು ಹೋಗುವವರು ಕಾಲ್ಗುಣ ಅಂದರು. ಗಂಡ ಸತ್ತ ಹೆಂಗಸು, ಅದಕ್ಕೇ ಅಂತಲೂ ಯಾರೋ ಅಂದರಂತೆ.

ಮೊದಮೊದಲು ಪ್ರಿಂಟ್ ಹಾಕುವಾಗ ಮಾತ್ರ ಆಯಮ್ಮ ಹೊರಗೆ ಹೋಗುತ್ತಿದ್ದರು. ಆಮೇಲೆ ಬೆಳಿಗ್ಗೆಯಿಂದ ಸಂಜೆವರೆಗೂ ತೋಟದ ಕಾಯಿ ಸುಲಿಯುವ ಚಪ್ಪರದಲ್ಲೇ ಇರತೊಡಗಿದರು. ಊಟದ ತಟ್ಟೆಯೂ ಅಲ್ಲಿಗೇ ಹೋಯಿತು. ಸೊಸೆಯೇನೂ ಹೋಗು ಅನ್ನಲಿಲ್ಲ. ಆದರೆ ಬಾ ಅಂತಲೂ ಅನ್ನಲಿಲ್ಲ. ಮೀನಾ, ಇದನ್ನು ಹೇಳಬಹುದಾ ಅಂತ ನಿಮ್ಮನ್ನು ಕೇಳಿಯೇ ಹೇಳುತ್ತಿದ್ದೇನೆ. ತಿಂಗಳ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ಬೇರೆ ಕಡೆ ಮಾಡಿಸುತ್ತೇವೆ ಅಂತ ಶಾಲೆಯವರು ಹೇಳಿದ್ದರು. ನಿಮಗೂ ಭಯ ಇತ್ತು.

ನಾನು ಇದನ್ನೆಲ್ಲ ಏನು ಮಾಡಿದೆ ಗೊತ್ತಾ? ಅಂಗಡಿಯಲ್ಲಿ ಗಿರಾಕಿಗಳಿಗೆ ಕಥೆ ಹೇಳುತ್ತಿದ್ದೆ. ಅತ್ತೆ ಕಂಡರೆ ಹೆದರುವ ಪ್ರಿಂಟರ್ ಅಂತ. ಎಲ್ಲರೂ ನಗುತ್ತಿದ್ದರು. ಒಂದು ದಿನ ಹೀಗೇ ಹೇಳುವಾಗ ಮೇಷ್ಟ್ರು ಪಕ್ಕದಲ್ಲಿ ಏನೋ ಬೆಸುಗೆ ಹಾಕುತ್ತಿದ್ದವರು — ಕನ್ನಡಕ ಹೀಗೆ ಹಣೆ ಮೇಲಕ್ಕೆ ಏರಿಸಿದರು. ನಗಲಿಲ್ಲ.

"ಆಯಮ್ಮ ಈಗ ಎಲ್ಲವ್ಳೆ?" ಅಂದರು.

"ತೋಟದಲ್ಲವ್ರಂತೆ ಮೇಷ್ಟ್ರೇ. ಕೆಂಕೆರೆ ಮಗಳ ಮನೇಗ್ ಹೋಯ್ತೀನಿ ಅಂತಾವ್ರಂತೆ."

"ನಡಿ," ಅಂದರು. ಬೆಸುಗೆ ಕಡ್ಡಿಯ ಪ್ಲಗ್ಗು ಕಿತ್ತು ಎದ್ದೇಬಿಟ್ಟರು. ಗಿರಾಕಿ ಇನ್ನೂ ಕೂತಿದ್ದ. ಷಟರ್ ಎಳೆದರು.

ಮೇಷ್ಟ್ರು ಕೆಲಸ ಮಾಡುವ ರೀತಿ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಮನೆಗೆ ಹೋದವರು ಕಂಪ್ಯೂಟರ್ ಮುಟ್ಟುವುದಿಲ್ಲ. ಮೊದಲು ಮನೆಯವರನ್ನು ಕೇಳುತ್ತಾರೆ. ಯಾವಾಗ ಬರುತ್ತೆ, ಯಾವಾಗ ಬರಲ್ಲ, ಆಗ ಯಾರು ಎಲ್ಲಿದ್ದರು. ಮೀನಾ ಹೇಳಿದ್ದನ್ನೆಲ್ಲ ಕೇಳಿದರು. ಒಂದು ಸಲವೂ ಹಾಗಿರಲ್ಲ ಅನ್ನಲಿಲ್ಲ. ನನಗೆ ಅಷ್ಟು ಕಲಿಯಲು ಒಂಬತ್ತು ವರ್ಷವೂ ಸಾಲಲಿಲ್ಲ. ಆಮೇಲೆ ಚಪ್ಪರಕ್ಕೆ ಹೋಗಿ ಆಯಮ್ಮನ ಮುಂದೆ ಕೂತರು.

"ಒಳಕ್ಕೆ ಬನ್ನಿ ತಾಯಿ, ನೀವಿಲ್ದೆ ಈ ರಿಪೇರಿ ಆಗಲ್ಲ," ಅಂದರು.

"ನಾನ್ ಬರಲ್ಲ ಬುಡಿ ಸ್ವಾಮಿ. ನಾನ್ ಬಂದ್ರೆ ನಿಂತೋಯ್ತದೆ. ನನ್ನ ಸೊಸೆ ಕೆಲಸ ಹೋಯ್ತದೆ."

"ನಿಲ್ಲಲಿ. ನಿಂತ್ರೇನೇ ನಂಗೆ ಗೊತ್ತಾಗೋದು."

ಆಯಮ್ಮ ಬಂದರು. ಹೊಸ್ತಿಲ ಹೊರಗೇ ನಿಂತರು. ಮೀನಾ ಹಾಕುತ್ತಿದ್ದ ಪ್ರಿಂಟ್ ನಿಂತೇ ಹೋಯಿತು ನೋಡಿ. ಮೀನಾ ಮುಖ ನೆಲಕ್ಕೆ ಹಾಕಿದರು. ಆಯಮ್ಮ ತಿರುಗಿ ಹೊರಟರು. ಮೇಷ್ಟ್ರು ಕೈ ಹೀಗೆ ಅಡ್ಡ ಹಿಡಿದು, ಅಲ್ಲೇ ಇರಿ ತಾಯಿ ಅಂದರು.

ಕಂಪ್ಯೂಟರಿನಿಂದ ಒಂದು ನಂಬರಿಗೆ ಕೂಗಿ ನೋಡುವ ಉಪಾಯ ಇದೆ. ಆ ನಂಬರಿನವರು ಇದ್ದರೆ ಓ ಅನ್ನುತ್ತಾರೆ. ಮೇಷ್ಟ್ರು ಐದಕ್ಕೆ ಕೂಗಿದರು. ಓ ಅಂದಿತು. ನೋಡಿ ಮೇಷ್ಟ್ರೇ, ಪ್ರಿಂಟರ್ ಇದೆಯಲ್ಲ ಅಂದೆ ನಾನು. ಅವರು ಪ್ರಿಂಟರಿನ ಪ್ಲಗ್ಗನ್ನು ಪೂರಾ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಹೀಗೆ. ಹಿಡಿದುಕೊಂಡೇ ಮತ್ತೆ ಕೂಗಿದರು.

ಮತ್ತೆ ಓ ಅಂದಿತು.

ಪ್ರಿಂಟರ್ ಆರಿದೆ. ಆದರೂ ಯಾರೋ ಓ ಅನ್ನುತ್ತಿದ್ದಾರೆ. ಐದು ಅಂತ ಒತ್ತಿದ ಬೆರಳು ನನ್ನದು, ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು.

"ತಾಯಿ, ನಿಮ್ಮತ್ರ ಫೋನೈತಾ?" ಅಂದರು ಮೇಷ್ಟ್ರು.

ಆಯಮ್ಮ ಸೊಂಟದಿಂದ ಎಲೆಅಡಿಕೆ ಚೀಲ ತೆಗೆದರು. ಅದರೊಳಗೆ ಮಗಳು ಕೊಡಿಸಿದ ಫೋನು. ರಾತ್ರಿ ಹಗಲು ಸೊಂಟದಲ್ಲೇ ಇರುತ್ತಿದ್ದ ಫೋನು. ವೈಫೈ ಡಬ್ಬ ಅದಕ್ಕೆ ಎಂದೋ ಕೊಟ್ಟಿದ್ದ ನಂಬರು ಐದು. ಅದೇ ನಂಬರನ್ನು ನಾನು ಪ್ರಿಂಟರಿಗೂ ಕೊಟ್ಟಿದ್ದೆ. ತೋಟದವರೆಗೆ ವೈಫೈ ಮುಟ್ಟುತ್ತಿರಲಿಲ್ಲ, ಅದಕ್ಕೇ ಅಲ್ಲಿದ್ದರೆ ಏನೂ ತೊಂದರೆ ಇರಲಿಲ್ಲ. ಆಯಮ್ಮ ಮನೆಯ ಹತ್ತಿರ ಬಂದಾಗಲೆಲ್ಲ ಮೀನಾ ಕಳಿಸಿದ ಹಾಳೆಗಳು ಪ್ರಿಂಟರಿಗೆ ಹೋಗದೆ ಆ ಎಲೆಅಡಿಕೆ ಚೀಲದ ಕಡೆ ಹೋಗುತ್ತಿದ್ದವು. ಕಾಲ್ಗುಣ ಅಂದದ್ದು ಇದಕ್ಕೆ. ಒಂದು ಮುದುಕಿಯನ್ನು ಮೂರು ವಾರ ಚಪ್ಪರದಲ್ಲಿ ಕೂರಿಸಿದ್ದು ಇದು.

ಮೇಷ್ಟ್ರು ಪ್ರಿಂಟರಿಗೆ ಬೇರೆ ಯಾರಿಗೂ ಹೋಗದ ಹಾಗೆ ಒಂದು ನಂಬರು ಕಾದಿರಿಸಿದರು. ಕಂಪ್ಯೂಟರಿಗೂ ಅದನ್ನೇ ತಿಳಿಸಿದರು. ಐದು ನಿಮಿಷದ ಕೆಲಸ. ಆಮೇಲೆ ಚಿಕ್ಕಗಂಗಮ್ಮನವರನ್ನು ಕೈ ಹಿಡಿದು ಕರೆತಂದು, ಫೋನು ಸೊಂಟದಲ್ಲಿರುವಾಗಲೇ, ಅವರ ಬೆರಳಿನಿಂದಲೇ ಪ್ರಿಂಟ್ ಒತ್ತಿಸಿದರು. ಹಾಳೆ ಬಂತು. ಆಯಮ್ಮ ನಂಬಲಿಲ್ಲ. "ಇನ್ನೊಂದ್ ಬರಲಿ," ಅಂದರು. ಇನ್ನೊಂದು ಬಂತು. ಮೂರನೆಯದು ಬರುವ ಹೊತ್ತಿಗೆ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದರು. ಮೀನಾ ಕೂಡ.

ಆಗ ಮೇಷ್ಟ್ರು ಮನೆಯವರ ಮುಂದೆ ನಿಂತು ಒಂದು ಮಾತು ಹೇಳಿದರು. "ತಪ್ಪು ಈಯಮ್ಮಂದಲ್ಲ, ನಿಮ್ಮದೂ ಅಲ್ಲ. ಆ ನಂಬರು ಹಾಕು ಅಂತ ಇವನಿಗೆ ಹೇಳಿದ್ದು ನಾನು. ನೋಡ್ಕೊಂಡು ಹೇಳ್ಬೇಕಿತ್ತು." ಕೈ ಮುಗಿದರು.

ನಾನು ಪಕ್ಕದಲ್ಲೇ ಇದ್ದೆ. ಸಾಮಾನು ಚೀಲಕ್ಕೆ ತುಂಬಿಕೊಂಡೆ.

ಬಸ್ಸಿನಲ್ಲಿ ಕೇಳಿದೆ — ಯಾಕೆ ಹಂಗಂದ್ರಿ ಮೇಷ್ಟ್ರೇ ಅಂತ. "ನೀನಿನ್ನೂ ಆ ಊರಲ್ಲಿ ಕೆಲಸ ಮಾಡ್ಬೇಕಲ್ಲಯ್ಯ," ಅಂದರು. ಸ್ವಲ್ಪ ದೂರ ಬಂದ ಮೇಲೆ, "ಆದ್ರೆ ಹೊರಗೆ ಕೂರ್ಸು ಅಂದೋನು ನೀನು ಕಣ್ಲಾ. ಅದನ್ನ ನಾನು ಹೇಳಕ್ಕಾಗಲ್ಲ. ನೀನೇ ಹೋಗಿ ಹೇಳು," ಅಂದರು.

ಹೋಗಲಿಲ್ಲ. ಎರಡು ವರ್ಷ ಹೋಗಲಿಲ್ಲ. ಮೇಷ್ಟ್ರು ಬೈಯುವವರಲ್ಲ. ಎರಡು ಮೂರು ತಿಂಗಳಿಗೊಮ್ಮೆ ಕೆಲಸ ಮಾಡುತ್ತಲೇ, "ದಂಡಿನಶಿವರಕ್ಕೆ ಹೋಗಿದ್ದಾ?" ಅನ್ನುತ್ತಿದ್ದರು. ಕೆಲಸ ಇತ್ತು ಮೇಷ್ಟ್ರೇ ಅನ್ನುತ್ತಿದ್ದೆ. ಹೋದ ತಿಂಗಳೂ ಕೇಳಿದರು. ಹೋದ ತಿಂಗಳೂ ಅದೇ ಹೇಳಿದೆ. ಅವರಿದ್ದಾಗ ಹೇಳಿದ್ದರೆ ಅವರ ಮನಸ್ಸಿಗೆ ಎಷ್ಟು ಹಗುರವಾಗುತ್ತಿತ್ತೋ. ಆ ನಾಚಿಕೆ ನನ್ನ ಜೊತೆ ಇರುತ್ತದೆ, ಇರಲಿ.

ಚಿಕ್ಕಗಂಗಮ್ಮನವರೇ, ನೀವು ಬಂದಿದ್ದೀರಿ. ಅಲ್ಲಿ ಹಿಂದೆ, ಬಾಗಿಲ ಪಕ್ಕ ಕೂತಿದ್ದೀರಿ. ಯಾರನ್ನೂ ಕೇಳದೆ ಆ ನಂಬರು ಹಾಕಿದವನು ನಾನು. ನಿಮ್ಮನ್ನು ಹೊರಗೆ ಕೂರಿಸಿ ಅಂದವನೂ ನಾನು. ಅದನ್ನೇ ಹೇಳಿಕೊಂಡು ನಕ್ಕವನೂ ನಾನು. ಮೇಷ್ಟ್ರದು ಏನೂ ತಪ್ಪಿರಲಿಲ್ಲ ಅಮ್ಮ. ನನ್ನನ್ನು ಕ್ಷಮಿಸಿ ಅಂತ ಇಷ್ಟು ಜನರ ಮುಂದೆ ಕೇಳುತ್ತಿದ್ದೇನೆ.

ಇನ್ನೊಂದು ಮಾತು. ಇದನ್ನು ದಾನೇಶ್ವರಿ ಅಮ್ಮನವರನ್ನು ಕೇಳಿಕೊಂಡೇ ಹೇಳುತ್ತಿದ್ದೇನೆ. ಚಿಕ್ಕಗಂಗಮ್ಮನವರೇ, ಮೇಷ್ಟ್ರ ಫೋಟೋಗೆ ಇವತ್ತು ಮೊದಲ ಹೂವು ನೀವು ಇಡಬೇಕು. ಬೇಡ ಅಂತ ತಲೆ ಆಡಿಸಬೇಡಿ. ಮೀನಾ, ಅತ್ತೆಯ ಕೈ ಹಿಡಿದುಕೊಳ್ಳಮ್ಮ. ನಡುವೆ ಕೂತಿರುವವರು ದಯವಿಟ್ಟು ಸ್ವಲ್ಪ ದಾರಿ ಬಿಡಿ.

ಮಹನೀಯರೇ, ಮೌನಕ್ಕೆ ಒಂದು ನಿಮಿಷ ಅಂತ ಗಡಿಯಾರ ನೋಡುವುದು ಬೇಡ. ಆಯಮ್ಮನಿಗೆ ಮಂಡಿನೋವು, ನಿಧಾನಕ್ಕೆ ಬರುತ್ತಾರೆ. ಅವರು ಆ ಬಾಗಿಲಿನಿಂದ ಇಲ್ಲಿಗೆ ನಡೆದು ಬರುವವರೆಗೆ — ಎಲ್ಲರೂ ಎದ್ದು, ಮಾತಿಲ್ಲದೆ ನಿಲ್ಲೋಣ.