ಕರಿಸಿದ್ದಪ್ಪನ ಎಲೆ ಚೀಲ

ಮೊದಲೇ ಕೈ ಮುಗಿದು ಹೇಳಿಬಿಡುತ್ತೇನೆ. ನನಗೆ ಕತೆ ಹೇಳಲು ಬರುವುದಿಲ್ಲ. ಬರೆಯುವುದಂತೂ ಇದೇ ಮೊದಲು. ಎಲ್ಲಿ ತಡೆಯಬೇಕು, ಎಲ್ಲಿ ಹೆದರಿಸಬೇಕು ಗೊತ್ತಿಲ್ಲ. ಆದರೆ ಇದು ನಡೆದದ್ದು. ನನ್ನ ಚಿಕ್ಕಪ್ಪನ ಮಗ ಅರುಣಕುಮಾರನಿಗೆ ನಡೆದದ್ದು. ಅರ್ಧ ಅವನ ಬಾಯಿಂದ ಕೇಳಿದ್ದು, ಅರ್ಧ ನಾನೇ ಕಣ್ಣಾರೆ ನೋಡಿದ್ದು. ಯಾವುದು ಯಾವುದೆಂದು ಹೇಳುತ್ತಾ ಹೋಗುತ್ತೇನೆ.

ಅವತ್ತು ಅಮಾವಾಸ್ಯೆ. ಹಗರಿಬೊಮ್ಮನಹಳ್ಳಿಯಿಂದ ಬಂದ ಕಡೆಯ ಬಸ್ಸು ಅರುಣನನ್ನು ನಮ್ಮೂರ ಕ್ರಾಸಿನಲ್ಲಿ ಇಳಿಸಿ ಕೊಟ್ಟೂರಿನ ಕಡೆ ಹೋಯಿತು. ಕ್ರಾಸಿನಿಂದ ಊರಿಗೆ ಕಾಲುದಾರಿ. ದಾರಿಯ ಮಧ್ಯೆ ಒಂದು ಹಾಳು ಬಾವಿ. ಬಾವಿಯ ಪಕ್ಕ ಡ್ರೈವರ್ ಕರಿಸಿದ್ದಪ್ಪನನ್ನು ಮಣ್ಣು ಮಾಡಿದ ಜಾಗ. ಕಲ್ಲು ಕಟ್ಟಿದ ಗೋರಿ ಅಲ್ಲ, ಬರೀ ಮಣ್ಣಿನ ದಿಬ್ಬ. ನಾಯಿ ನರಿ ಕೆದರದಿರಲಿ ಎಂದು ಮೇಲೆ ಜಾಲಿಮುಳ್ಳು ಹೊಚ್ಚಿದ್ದಾರೆ.

ಅಲ್ಲಿಗೆ ಬಂದಾಗ ಅರುಣನಿಗೆ ಒಂದು ಸದ್ದು ಕೇಳಿಸಿತು.

ಟಕ್.

ಸ್ವಲ್ಪ ತಡೆದು... ಟಕ್.

ಅವನು ಅಲ್ಲೇ ನಿಂತ. ಯಾಕೆಂದರೆ ಆ ಸದ್ದು ಅವನಿಗೆ ಗೊತ್ತಿತ್ತು. ಅದು ಹೊಲದಲ್ಲಿ ಕೇಳುವ ಸದ್ದಲ್ಲ. ಗಾಡಿಯ ಬಾನೆಟ್ ಎತ್ತಿದಾಗ ಕೇಳುವ ಸದ್ದು.

ಇದು ತಿಳಿಯಬೇಕಾದರೆ ಗಾಡಿಯ ವಿಷಯ ಹೇಳಬೇಕು. ಅರುಣನನ್ನು ಕತ್ತಲಲ್ಲಿ ನಿಲ್ಲಿಸಿ ಹೋಗುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಬೇಗ ವಾಪಸ್ಸು ಬರುತ್ತೇನೆ.

ಅರುಣ ಕೊಟ್ಟೂರಿನಲ್ಲಿ ಗ್ಯಾರೇಜು ಇಟ್ಟವನು. ಅಲ್ಲಿಯ ಶೇಂಗಾ ಎಣ್ಣೆ ಮಿಲ್ಲಿನ ಸಾಹುಕಾರರು ಗುರುಬಸವರಾಜ ಅವರು. ಅವರ ತಂದೆ, ದೊಡ್ಡ ಸಾಹುಕಾರರು, ಹಿಂದೆ ಬೊಂಬಾಯಿಯಿಂದ ಒಂದು ಬೆಂಜ್ ಗಾಡಿ ತಂದಿದ್ದರು. ಹಿಂಭಾಗದ ಎರಡೂ ಕಡೆ ಮೀನಿನ ರೆಕ್ಕೆಯಂಥ ಅಂಚು. ಬಾಗಿಲು ಮುಚ್ಚಿದರೆ ತಗಡಿನ ಸದ್ದಿಲ್ಲ, ಬರೀ ‘ಧಪ್’ ಎಂದು ದಪ್ಪಗೆ ಒಂದು ಸದ್ದು. ಅದರ ಡ್ರೈವರ್ ಎಂದರೆ ಕರಿಸಿದ್ದಪ್ಪ ಒಬ್ಬನೇ. ಅವನು ಸತ್ತ ಮೇಲೆ ಗಾಡಿ ಮಿಲ್ಲಿನ ಶೆಡ್ಡಿನಲ್ಲಿ ನಿಂತೇ ಇತ್ತು. ಸತ್ತದ್ದು ತೊಂಬತ್ತಾರರಲ್ಲಿ, ನಾನು ಹೇಳುತ್ತಿರುವುದು ತೊಂಬತ್ತೆಂಟರ ಮಾತು. ಹಳೆಯ ಗಾಡಿಗಳನ್ನು ಕೂಡಿಡುವ ಬೆಂಗಳೂರಿನವರೊಬ್ಬರು ಅದನ್ನು ಕೊಳ್ಳುತ್ತೇನೆಂದರು. ಒಂದೇ ಕರಾರು. ಇಂಜಿನ್ ತಮ್ಮ ಕಣ್ಣೆದುರು ಚಾಲೂ ಆಗಬೇಕು.

ಸಾಹುಕಾರರು ಅರುಣನನ್ನು ಕರೆಸಿದರು. ಅವನು ಬಾನೆಟ್ ಎತ್ತಿ ಡೆಲ್ಕೋ ನೋಡಿದ.

ಡೆಲ್ಕೋ ಎಂದರೆ ಪೆಟ್ರೋಲ್ ಇಂಜಿನ್ನಿಗೆ ಕಿಡಿ ಹಂಚುವ ಜಾಗ. ಬೋರಲು ಹಾಕಿದ ಬಟ್ಟಲಿನಂಥ ಕರಿ ಮುಚ್ಚಳ, ಅದರಿಂದ ಪ್ಲಗ್ಗುಗಳಿಗೆ ವೈರು. ಮುಚ್ಚಳದ ಒಳಗೆ ಹೆಬ್ಬೆರಳಿನಷ್ಟು ದೊಡ್ಡದಾದ ರೋಟರ್ ತಿರುಗುತ್ತಿರುತ್ತದೆ. ಊಟದ ಪಂಕ್ತಿಯಲ್ಲಿ ಬಡಿಸುವವನ ಹಾಗೆ ಒಂದೊಂದು ಪ್ಲಗ್ಗಿಗೂ ಸರದಿಯಂತೆ ಕಿಡಿ ಕೊಡುತ್ತಾ ಹೋಗುತ್ತದೆ. ಬಡಿಸುವವನೇ ಇಲ್ಲದಿದ್ದರೆ ಅಡುಗೆ ಎಷ್ಟಿದ್ದರೇನು? ಆ ಮುಚ್ಚಳವನ್ನು ಎರಡು ಸ್ಪ್ರಿಂಗ್ ಕ್ಲಿಪ್ಪು ಹಿಡಿದಿರುತ್ತವೆ. ಬೆರಳಿನಿಂದ ಮೀಟಿದರೆ ಒಂದು ಟಕ್, ಇನ್ನೊಂದು ಟಕ್. ಈಗ ತಿಳಿಯಿತಲ್ಲ, ಬಾವಿಯ ಹತ್ತಿರ ಕೇಳಿದ್ದು ಏನೆಂದು.

ಅರುಣ ಮುಚ್ಚಳ ತೆಗೆದ. ಒಳಗೆ ರೋಟರ್ ಇರಲಿಲ್ಲ. ಮುಚ್ಚಳದ ಮೇಲೆ ಮಾತ್ರ ಒಣಗಿದ ಸುಣ್ಣದ ಬೆರಳಚ್ಚು. ಅದನ್ನು ಪೆಟ್ರೋಲು ಹಚ್ಚಿ ಒರೆಸಿದ.

ಸಾಹುಕಾರರು ನಕ್ಕರು. “ಕರಿಸಿದ್ದಪ್ಪನ ಕೆಲಸ ಅದು. ನಾ ಹುಡುಗ ಇದ್ದಾಗ ಕದ್ದು ಗಾಡಿ ಹೊಡೀತಿದ್ದೆ. ಅದಕ್ಕ ನಮ್ಮಪ್ಪ ಅವಗ ಹೇಳಿಬಿಟ್ಟಿದ್ದ, ರಾತ್ರಿ ಅದನ್ನ ಕಿತ್ಗೊಂಡು ಮನಿಗೆ ಹೋಗು ಅಂತ. ದಿನಾ ಎಲಿ ಹಾಕ್ಕೊಂಡು, ಅದs ಸುಣ್ಣದ ಕೈಲೆ ಕಿತ್ಗೊಂಡು ಹೋಗ್ತಿದ್ದ. ಸತ್ತ ಮ್ಯಾಲೂ ಗಾಡಿ ನನ್ನ ಕೈಗೆ ಕೊಡವಲ್ಲ ನೋಡಲೇ ಮುದುಕ!”

ಅರುಣ ಕರಿಸಿದ್ದಪ್ಪನ ಹೆಂಡತಿ ಭರಮಮ್ಮನ ಮನೆಗೆ ಹೋಗಿ ಕೇಳಿದ. ನಾವೆಲ್ಲ ಆಕೆಯನ್ನು ಭರಮವ್ವ ಎನ್ನುತ್ತೇವೆ.

“ಅದನ್ನ ಎಲಿ ಚೀಲದಾಗ ಹಾಕ್ಕೊಂಡು ಬರ್ತಿದ್ದ ಯಪ್ಪಾ,” ಎಂದಳು ಆಕೆ. “ಆ ಚೀಲ ಕುಣಿಯಾಗ ಅವನ ಮಗ್ಗಲದಾಗ ಇಟ್ಟೇವಿ.”

ನಮ್ಮ ಕಡೆ ಹಾಗೆ ಮಾಡುತ್ತಾರೆ. ಸತ್ತವರಿಗೆ ಯಾವುದು ಇಷ್ಟವೋ ಅದನ್ನು ಜೊತೆಗೆ ಇಟ್ಟು ಕಳಿಸುತ್ತಾರೆ. ಚೀಲ ಬಿಚ್ಚಿ ನೋಡಬೇಕೆಂದು ಯಾರಿಗೂ ಹೊಳೆದಿಲ್ಲ. ಎಲೆ ಅಡಿಕೆ ಚೀಲದಲ್ಲಿ ಇಂಜಿನ್ನಿನ ಸಾಮಾನು ಇರುತ್ತದೆಂದು ಯಾರು ತಾನೇ ಎಣಿಸುತ್ತಾರೆ?

ಅರುಣ ಇದನ್ನು ಹಾಗೆಯೇ ಸಾಹುಕಾರರಿಗೆ ಹೇಳಿಬಿಟ್ಟ. ಅದೇ ತಪ್ಪಾಯಿತು.

“ಹಂಗಾರ ಅಗಸ್ತೀನಿ,” ಎಂದರು ಅವರು. “ಹೊಲ ನಂದು. ಬಾವಿ ನಂದು. ಅಮಾಸಿ ಆದ ಮರುದಿನ ಆಳು ಕಳಸ್ತೀನಿ.”

“ಬ್ಯಾಡ್ರಿ ಸಾವ್ಕಾರ್ರ! ಬ್ಯಾರೆ ಕಡೆ ಹುಡುಕಿ ತರ್ತೀನಿ.”

“ಅಮಾಸಿ ಮಟಾ ಹುಡುಕು. ಸಿಗಲಿಲ್ಲಂದ್ರ ನನ್ನ ದಾರಿ ನಂದು.”

ಭರಮವ್ವನಿಗೂ ಸುದ್ದಿ ಮುಟ್ಟಿತು. ಆಕೆ ಗ್ಯಾರೇಜಿಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ, ಬೈಯಲಿಲ್ಲ. “ನನ್ನ ಕೈಲೆ ಮಣ್ಣು ಹಾಕಿ ಬಂದೇನಿ ತಮ್ಮಾ. ಅದನ್ನ ತೆಗಿಸಬ್ಯಾಡ,” ಎಂದಳು. ಅಷ್ಟೇ ಎಂದು ಎದ್ದು ಹೋದಳು.

ಅವತ್ತಿನಿಂದ ಅರುಣ ಸರಿಯಾಗಿ ಊಟ ಮಾಡಲಿಲ್ಲ. ದಾವಣಗೆರೆ ನೋಡಿದ. ಹುಬ್ಬಳ್ಳಿ ನೋಡಿದ. ಬೆಂಗಳೂರಿನಲ್ಲಿ ಹಳೆಯ ಸಾಮಾನಿನ ಬೀದಿಯೆಲ್ಲ ತಿರುಗಿದ. ಎಲ್ಲ ಅಂಗಡಿಯಲ್ಲೂ ಒಂದೇ ಮಾತು, “ಸ್ಯಾಂಪಲ್ ತೋರಿಸಿ.”

“ಸ್ಯಾಂಪಲ್ ಇದ್ರ ಇಲ್ಲಿಗ್ಯಾಕ ಬರ್ತಿದ್ದೆ ಅಣ್ಣಾ!” ಎಂದು ನನ್ನ ಮುಂದೆ ತಲೆ ಚಚ್ಚಿಕೊಂಡ. ಅಂಬಾಸಿಡರಿನ ರೋಟರ್ ತಂದು ಹಾಕಿದ, ಕೂರಲಿಲ್ಲ. ಬೆಂಗಳೂರಿನ ಮೆಕ್ಯಾನಿಕ್ ಒಬ್ಬರ ಹತ್ತಿರ ಆ ಗಾಡಿಯ ರಿಪೇರಿ ಪುಸ್ತಕದ ಕೆಲವು ಹಾಳೆ ಜೆರಾಕ್ಸ್ ಮಾಡಿಸಿಕೊಂಡು ಬಂದ. ಇಂಗ್ಲಿಷು. ಡಿಕ್ಷನರಿ ಇಟ್ಟುಕೊಂಡು ಇಬ್ಬರೂ ಕೂತು ಓದಿದೆವು. ನನಗೆ ಇಷ್ಟೆಲ್ಲ ಗೊತ್ತಿರುವುದು ಅದರಿಂದಲೇ. ಆ ಹಾಳೆಯ ಚಿತ್ರ ನೋಡಿ ದಾವಣಗೆರೆಯ ಲೇತಿನಲ್ಲಿ ಒಂದು ರೋಟರ್ ಮಾಡಿಸಿದ. ಹಾಕಿ ತಿರುಗಿಸಿದರೆ ಕಿಡಿ ಅಡ್ಡದಾರಿಗೆ ಹಾರಿ, ಅದು ಸುಟ್ಟು ಕರಕಲಾಯಿತು.

ಅಮಾವಾಸ್ಯೆಯ ದಿನ ಉಳಿದದ್ದು ಒಂದೇ ಆಸೆ. ಹೂವಿನಹಡಗಲಿಯ ಮಲ್ಲಿಗೆ ವ್ಯಾಪಾರಿಯೊಬ್ಬರ ಹಿತ್ತಲಲ್ಲಿ ಅಂಥದೇ ಗಾಡಿ ಬಿದ್ದಿದೆ ಎಂದು ಯಾರೋ ಹೇಳಿದ್ದರು. ಹೊರಡುವ ಮುಂಚೆ ಭರಮವ್ವ ಅವನ ಕೈಗೆ ಒಂದು ಸಣ್ಣ ಹಿತ್ತಾಳೆ ಡಬ್ಬಿ ಕೊಟ್ಟಳು. ಸುಣ್ಣದ ಡಬ್ಬಿ.

“ಇದು ಗ್ವಾಡಿ ಮಾಡದಾಗs ಉಳಕೊಂಡಿತ್ತು. ಮಣ್ಣು ಮುಚ್ಚಿ ಮನಿಗೆ ಬಂದ ಮ್ಯಾಲೆ ನೋಡಿದೆ. ಎಲಿ ಕೊಟ್ಟು ಸುಣ್ಣ ಕೊಡದs ಕಳಿಸಿದೆ ಅಂತ ಇವತ್ತಿಗೂ ನಿದ್ದಿ ಹತ್ತಂಗಿಲ್ಲ. ನಾಳಿ ಅವರು ಅಗದ್ರ... ಚೀಲದ ಜೋಡಿ ಇದನ್ನೂ ಇಟ್ಟುಬಿಡು.”

ಅರುಣ ಡಬ್ಬಿ ಜೇಬಿಗೆ ಹಾಕಿಕೊಂಡ. ಹಡಗಲಿಗೆ ಹೋಗಿ ನೋಡಿದರೆ ಆ ಗಾಡಿ ಬೇರೆ ಕಂಪನಿಯದು. ಬರಿಗೈಯಲ್ಲಿ ಹಗರಿಬೊಮ್ಮನಹಳ್ಳಿಗೆ ಬಂದು ಕಡೆಯ ಬಸ್ಸು ಹತ್ತಿದ. ಕೋಗಳಿ ದಾಟಿದ್ದು ಕೂಡ ಅವನಿಗೆ ಗೊತ್ತಾಗಲಿಲ್ಲ. ಬೆಳಗಾದರೆ ಗುದ್ದಲಿ ಬರುತ್ತದೆ ಎನ್ನುವುದೊಂದೇ ತಲೆಯಲ್ಲಿ.

ಈಗ ಬಾವಿಯ ಹತ್ತಿರ ಬರೋಣ. ಇಲ್ಲಿಂದ ಅವನು ಹೇಳಿದ್ದು.

ಟಕ್... ಟಕ್. ಆಮೇಲೆ ಏನೂ ಇಲ್ಲ. ಜೀರುಂಡೆಯ ಸದ್ದೂ ನಿಂತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸದ್ದು. ಕರ್ರ್... ಕಟ್. ಅಡಕೊತ್ತಿನಲ್ಲಿ ಅಡಿಕೆ ಸೀಳುವ ಸದ್ದು. ಬಾವಿಕಟ್ಟೆಯ ಮೇಲೆ ಯಾರೋ ಬೆನ್ನು ಮಾಡಿ ಕೂತಿದ್ದರು.

“ಯಾರಪಾ ಅದು?” ಪಿಸುಮಾತು.

“ನಾನ್ರೀ... ಅರುಣ.”

“ಸುಣ್ಣ ಐತೇನು?”

ಅರುಣನಿಗೆ ಜೇಬಿನ ಡಬ್ಬಿ ನೆನಪಾಯಿತು.

“ಎಲಿ ಐತಿ. ಅಡಕಿ ಐತಿ. ಸುಣ್ಣ ಒಂದs ಇಲ್ಲ ನೋಡು...”

ಓಡಬೇಕೆಂದುಕೊಂಡನಂತೆ. ಆದರೆ ಕೈ ತಾನಾಗಿಯೇ ಜೇಬಿಗೆ ಹೋಗಿ ಡಬ್ಬಿ ಹಿಡಿದು ಮುಂದೆ ಚಾಚಿತು. ಕೂತವನು ತಿರುಗಲಿಲ್ಲ. ಹಿಂದಕ್ಕೆ ಒಂದು ಕೈ ಬಂತು. ಎಡಗೈ. ಬೆರಳು ತಾಗಿದವು. ಬಾವಿಯೊಳಗಿನ ಕಲ್ಲಿನ ಹಾಗೆ ತಣ್ಣಗೆ. ಡಬ್ಬಿಯ ಮುಚ್ಚಳ ಟಿಣ್ ಎಂದಿತು. ಆಮೇಲೆ ಎಲೆ ಮಡಿಚುವ ಸದ್ದು. ನಿಧಾನವಾಗಿ ಅಗಿಯುವ ಸದ್ದು... ಬಹಳ ಹೊತ್ತು ಅಗಿಯುವ ಸದ್ದು.

“ಕೈ ಹಿಡಿ.”

ಅರುಣನ ಅಂಗೈಯಲ್ಲಿ ಏನೋ ಬಿತ್ತು.

“ಸಣ್ಣ ಸಾವ್ಕಾರಗ ಹೇಳು. ಚೋಕು ಎಳದು ಹಿಡೀಬಾರದು. ಒಮ್ಮಿ ಎಳದು... ಬಿಟ್ಟುಬಿಡಬೇಕು.”

ಅಷ್ಟೇ. ಅರುಣ ಮನೆಗೆ ಹೇಗೆ ಬಂದನೋ ಅವನಿಗೇ ನೆನಪಿಲ್ಲ. ನಮ್ಮ ಬಾಗಿಲು ಬಡಿದ. ನಾನು ತೆಗೆದೆ. ಇಲ್ಲಿಂದ ನಾನು ನೋಡಿದ್ದು. ಅರುಣ ಮುಷ್ಟಿ ಬಿಚ್ಚಿದ. ರೋಟರ್. ನಾವು ಹಾಳೆಯ ಚಿತ್ರದಲ್ಲಿ ನೋಡಿದ್ದೇ. ಹಿತ್ತಾಳೆಯ ತುದಿ ಹಸಿರು ಹಿಡಿದಿತ್ತು. ಸಂದಿಯಲ್ಲಿ ಅಡಿಕೆಯ ಚೂರು.

ಬೆಳಿಗ್ಗೆ ಬಾವಿಯ ಹತ್ತಿರ ಹೋದಾಗ ಸಾಹುಕಾರರು ಆಳು, ಗುದ್ದಲಿ ಸಮೇತ ಬಂದಿದ್ದರು. ಭರಮವ್ವ ದಿಬ್ಬಕ್ಕೆ ಒರಗಿ ಕೂತಿದ್ದಳು. ಅರುಣ ರೋಟರ್ ತೋರಿಸಿದ.

“ರಾತ್ರಿ ನೀನs ಅಗದೀಯಲ್ಲಲೇ?” ಎಂದು ಸಾಹುಕಾರರು ಅವನ ಕೊರಳಪಟ್ಟಿ ಹಿಡಿದರು.

“ನೋಡ್ರಿ ಸಾವ್ಕಾರ್ರ, ನೀವs ನೋಡ್ರಿ.”

ಎಲ್ಲರೂ ನೋಡಿದೆವು. ಮುಳ್ಳು ಹಾಕಿದ ಹಾಗೆಯೇ ಇತ್ತು. ಮುಳ್ಳಿನ ನಡುವೆ ಜೇಡರ ಬಲೆ, ಅದರ ಮೇಲೆ ಹಳೆಯ ಧೂಳು. ಕೆಳಗೆ ಮಣ್ಣು ಹೆಪ್ಪುಗಟ್ಟಿ ಬಿರುಕು ಬಿಟ್ಟಿತ್ತು. ಬಿರುಕಿನಿಂದ ಇರುವೆಯ ಸಾಲು ಹೊರಡುತ್ತಿತ್ತು. ಎಲ್ಲೂ ಒಂದು ಹೆಂಟೆ ಎದ್ದಿರಲಿಲ್ಲ. ಆಳುಗಳು ಹೇಳದೆಯೇ ಗುದ್ದಲಿ ಹೆಗಲಿಗೆ ಹಾಕಿಕೊಂಡು ಹಿಂದೆ ಸರಿದರು.

ಭರಮವ್ವ ರೋಟರನ್ನು ಮುಟ್ಟಲಿಲ್ಲ. ಅರುಣನನ್ನು ಒಂದೇ ಮಾತು ಕೇಳಿದಳು. “ಸುಣ್ಣ ಇಸ್ಗೊಂಡನೇನು?”

ಅರುಣ ಹೂಂ ಎಂದ. ಆಕೆ ಸೆರಗು ಕೊಡವಿಕೊಂಡು ಎದ್ದು ಮನೆಗೆ ಹೋದಳು.

ಮಿಲ್ಲಿನ ಶೆಡ್ಡಿನಲ್ಲಿ ರೋಟರ್ ಹಾಕಿದೆವು. ಟಕ್, ಟಕ್, ಕ್ಲಿಪ್ಪು ಕೂತವು. ಸಾಹುಕಾರರೇ ಕೂತು, ತಣ್ಣಗಿನ ಇಂಜಿನ್ನಿಗೆ ಹೆಚ್ಚು ಪೆಟ್ರೋಲು ಬಿಡುವ ಚೋಕು ಎಳೆದು ಹಿಡಿದು ಕೀಲಿ ತಿರುಗಿಸಿದರು. ಇಂಜಿನ್ ರ್ರ್... ರ್ರ್... ಎಂದು ಸುಮ್ಮನಾಯಿತು. ಮತ್ತೆ ಎಳೆದರು. ಮತ್ತೆ ಸುಮ್ಮನಾಯಿತು.

ಅರುಣ ಅವರ ಕಿವಿಯ ಹತ್ತಿರ ಬಗ್ಗಿದ. “ಎಳದು ಹಿಡೀಬಾರದಂತ್ರಿ. ಒಮ್ಮಿ ಎಳದು ಬಿಟ್ಟುಬಿಡಬೇಕಂತ.”

ಸಾಹುಕಾರರು ಕೀಲಿಯಿಂದ ಕೈ ತೆಗೆದರು. “ಯಾರಲೇ ಹೇಳಿದ್ದು ಇದು ನಿನಗ? ನಾ ಹುಡುಗ ಇದ್ದಾಗ ಕರಿಸಿದ್ದಪ್ಪ...” ಎಂದರು. ಒಮ್ಮೆ ಎಳೆದರು, ಬಿಟ್ಟರು. ಗಾಡಿ ಚಾಲೂ ಆಯಿತು. ಹೊಲಿಗೆ ಮಿಷನ್ನಿನ ಹಾಗೆ ಮೆತ್ತಗೆ, ಒಂದೇ ಸಮನೆ.

ಬೆಂಗಳೂರಿನವರು ಬರುವುದು ಒಂದು ವಾರ ತಡವಾಯಿತು. ಆ ವಾರ ದಿನಾ ಬೆಳಿಗ್ಗೆ ಅರುಣ ಶೆಡ್ಡಿಗೆ ಹೋಗಿ ಡೆಲ್ಕೋ ಬಿಚ್ಚಿ ನೋಡುತ್ತಿದ್ದ. ದಿನಾ ರೋಟರಿನ ಮೇಲೆ ಒಂದು ಬೊಟ್ಟು ಸುಣ್ಣ. ಒರೆಸುತ್ತಿದ್ದ. ಮರುದಿನ ಮತ್ತೆ ಇರುತ್ತಿತ್ತು. ಶೆಡ್ಡಿನ ಕೀಲಿಕೈ ಸಾಹುಕಾರರ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಇಲ್ಲ. ನಾನು ನಂಬಲಿಲ್ಲ. ಗಾಡಿ ಹೋಗುವ ದಿನ ನಾನೇ ಹೋಗಿ ಬೆರಳಿಟ್ಟು ನೋಡಿದೆ. ಇತ್ತು. ದಿಬ್ಬ ಮಾತ್ರ ಇವತ್ತಿಗೂ ಹಾಗೆಯೇ ಇದೆ. ಸಾಹುಕಾರರು ಅದರ ಸುತ್ತ ಉಳುವುದನ್ನೂ ಬಿಡಿಸಿದ್ದಾರೆ.

ಗಾಡಿ ಹೋಗಿ ಒಂದು ತಿಂಗಳಾಗಿರಬಹುದು. ಗ್ಯಾರೇಜಿನ ಪಕ್ಕದ ಎಸ್.ಟಿ.ಡಿ. ಬೂತಿಗೆ ಬೆಂಗಳೂರಿನಿಂದ ಫೋನ್ ಬಂತು. ಗಾಡಿ ಕೊಂಡವರೇ ಮಾತಾಡಿದರು. ಗಾಡಿ ಚೆನ್ನಾಗಿದೆ, ತೊಂದರೆ ಏನೂ ಇಲ್ಲ, ಒಂದು ವಿಷಯ ಕೇಳಬೇಕಿತ್ತು ಎಂದರು. “ನಮ್ಮ ಮನೇಲಿ ಯಾರೂ ಎಲೆ ಅಡಿಕೆ ಹಾಕೋದಿಲ್ಲ. ಡ್ರೈವರೂ ಹಾಕೋದಿಲ್ಲ. ದಿನಾ ಬೆಳಿಗ್ಗೆ ಡೆಲ್ಕೋ ಒಳಗೆ ಸುಣ್ಣ ಎಲ್ಲಿಂದ ಬರುತ್ತೆ?”

ಅರುಣ ಫೋನ್ ಇಟ್ಟುಬಿಟ್ಟ.

ಇದು ನಡೆದದ್ದು. ಸುಳ್ಳು ಹೇಳಿ ನನಗೇನು ಬರಬೇಕಾಗಿದೆ? ಕಿಡಿ ಹಾರಿ ಹಾರಿ ಹಿತ್ತಾಳೆ ಬಿಳಿಚಿರಬಹುದು ಎಂದು ಕೆಲವರು ಅನ್ನಬಹುದು. ಅದಕ್ಕೆ ನನ್ನ ಹತ್ತಿರ ಉತ್ತರವಿದೆ. ಕಿಡಿಯಿಂದ ಕೂತದ್ದಾದರೆ ಒಣಗಿರಬೇಕು, ಉಗುರಿನಿಂದ ಕೆರೆದರೆ ಪುಡಿ ಉದುರಬೇಕು. ನಾನು ಮುಟ್ಟಿದ್ದು ಒದ್ದೆ ಇತ್ತು. ನಾಲಿಗೆಗೆ ತಾಗಿಸಿದೆ, ಚುರ್ ಎಂದು ಸುಟ್ಟಿತು. ಎರಡನೆಯದು, ಆ ಬೊಟ್ಟು ಒಂದು ದಿನವೂ ಬಲಗಡೆ ಇರಲಿಲ್ಲ, ಯಾವಾಗಲೂ ಎಡಗಡೆಯೇ. ಅದು ಯಾಕೆಂದು ನಾನು ಭರಮವ್ವನನ್ನು ಕೇಳಿದೆ. ಆಕೆ ಹೇಳಿದ್ದೇನೆಂದರೆ, ಕರಿಸಿದ್ದಪ್ಪ ಸಣ್ಣವನಿದ್ದಾಗ...

ತಡೆಯಿರಿ. ಹೊರಗೆ ಅರುಣ ಕೂಗುತ್ತಿದ್ದಾನೆ. ಬೆಂಗಳೂರಿನಿಂದ ಮತ್ತೆ ಫೋನ್ ಬಂದಿದೆಯಂತೆ, ಒಬ್ಬನೇ ಮಾತಾಡುವುದಿಲ್ಲವಂತೆ, ನಾನೂ ಬರಬೇಕಂತೆ. ಬಂದೆ ತಮ್ಮಾ, ಬಂದೆ. ಎಡಗಡೆ ಯಾಕೆ ಎಂದರೆ ಅವನ ಬಲಗೈ