ಮೊದಲ ಬೆಂಚಿನ ದೂರು

ಕೊಡಗು ರಾಜ್ಯದ ಮೊದಲ ಚುನಾವಣೆಯ ಪೋಸ್ಟರುಗಳು ಅಮ್ಮತ್ತಿಯ ಗೋಡೆಗಳಲ್ಲಿ ಇನ್ನೂ ಉಳಿದಿದ್ದವು. ನಾನು ಸಿದ್ದಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಮೇಷ್ಟ್ರು, ಅವರ ಹೆಂಡತಿ. ಆಕೆ ಒಂದು ಕಾಗದವನ್ನು ಅವರ ಮುಂದೆ ಹಿಡಿದಿದ್ದರು.

“ರುಜು ಹಾಕಿ. ಪಾಠದಲ್ಲಿ ತಪ್ಪು ಹೇಳಿದೆ, ಕ್ಷಮಿಸಿ ಅಂತಷ್ಟೇ ಬರೆದಿದೀನಿ. ಮಡಿಕೇರಿಗೆ ಹೋಗಿ ಕೊಟ್ರೆ ಸ್ಕೂಲ್ ಇನ್‌ಸ್ಪೆಕ್ಟರು ಕೆಲಸ ಉಳಿಸ್ತಾರೆ.”

“ನಾನು ತಪ್ಪು ಹೇಳಲಿಲ್ಲವಲ್ಲ, ಗೋಮತಿ.”

“ಬಿಳಿ ದೊರೆಯ ಪೂರ್ವಿಕರೂ ಕಪ್ಪಗಿದ್ರು ಅಂತ, ಅವರ ಎಸ್ಟೇಟಿನ ಲೆಕ್ಕ ಬರೆಯೋ ರೈಟರ ಮಗನ ಎದುರಿಗೇ ಹೇಳಬೇಕಿತ್ತಾ?”

“ನಮ್ಮೆಲ್ಲರ ಪೂರ್ವಿಕರೂ ಅಂದೆ. ಸುಡು ಬಿಸಿಲಲ್ಲಿ ಕಪ್ಪು ಚರ್ಮವೇ ಕಾಪಾಡ್ತು. ಬಿಸಿಲು ಸಾಲದ ದೇಶಕ್ಕೆ ಹೋದವರಲ್ಲಿ ತಿಳಿಬಣ್ಣದವರ ಚರ್ಮ ಇದ್ದಷ್ಟು ಬಿಸಿಲನ್ನ ಒಳಗೆ ಬಿಟ್ಟು ಮೂಳೆ ಗಟ್ಟಿ ಮಾಡ್ತು, ಅವರ ಮಕ್ಕಳೇ ಹೆಚ್ಚು ಉಳಿದರು. ಅದಕ್ಕೆ ಎಷ್ಟೋ ಸಾವಿರ ವರ್ಷ ಹಿಡೀತು.”

“ನಿಮ್ಮನ್ನ ಮನೆಗೆ ಕಳಿಸೋಕೆ ಅಷ್ಟು ಹೊತ್ತು ಬೇಡ.”

ಮೇಷ್ಟ್ರು ನಗಲಿಲ್ಲ.

“ಎಸ್ಟೇಟ್ ಕೂಲಿಗಳ ಲೈನ್ ಮನೆ ಹುಡುಗಿ ಎದ್ದು ನಿಂತು, ‘ಸಾರ್, ನಾನು ಯಾವ ಪಾಪಕ್ಕೆ ಕರಿಯಳಾದೆ?’ ಅಂತ ಕೇಳಿದಳು. ಏನು ಹೇಳಬೇಕಿತ್ತು?”

“ಬಾಗಿಲ ಹತ್ತಿರ ನೆಲದ ಮೇಲೆ ಕೂರ್ತಾಳಲ್ಲ, ಅವಳಾ?”

“ಕೂರ್ತಿದ್ದಳು. ಮಾರನೇ ದಿನ ತಾನೇ ಬಂದು ಮೊದಲ ಬೆಂಚಲ್ಲಿ ಕೂತಳು. ರೈಟರ ಮಗನ ಪಕ್ಕದಲ್ಲಿ.”

“ಓಹೋ. ಹಾಗಾದ್ರೆ ರೈಟರು ದೂರು ಕೊಟ್ಟಿದ್ದು ಅದಕ್ಕೆ.”

ಮೇಷ್ಟ್ರು ಉತ್ತರ ಕೊಡುವ ಮೊದಲೇ ಮಡಿಕೇರಿ ಬಸ್ಸು ಬಂತು. ಅವರು ಜೇಬಿನಿಂದ ಪೆನ್ನು ತೆಗೆದು ಕೈ ಚಾಚಿದರು.

“ಕೊಡು. ನಿನಗೂ ಮಕ್ಕಳಿಗೂ ಅನ್ನ ಬೇಕಲ್ಲ.”

ಆಕೆ ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲದ ತಳಕ್ಕೆ ತುರುಕಿದರು.

“ಯಾವ ಕಾಗದ? ಹತ್ತಿ ಬೇಗ. ಮುಂದಿನ ಸೀಟು ಹಿಡೀರಿ.”